ಕಾಲಿಲ್ಲದ ಕೋಳಿ

ಕೋಳಿಗೆ ಎರಡೇ ಕಾಲು ಕೊಟ್ಟನಲ್ಲ ಅಂತ ಬಹಳ ವರ್ಷ ನನಗೆ ದೇವರ ಮೇಲೆ ಸಿಟ್ಟಿತ್ತು. ನಾಲ್ಕು ಕೊಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು? ದನಕ್ಕೆ ಕೊಟ್ಟಿದ್ದಾನೆ, ಬೆಕ್ಕಿಗೆ ಕೊಟ್ಟಿದ್ದಾನೆ, ಗೋಡೆಯ ಮೇಲಿನ ಹಲ್ಲಿಗೂ ಕೊಟ್ಟಿದ್ದಾನೆ. ಬೆಳಿಗ್ಗೆ ದೀಪ ಹಚ್ಚಿ ಕೈ ಮುಗಿಯುವಾಗ ಇಂಥ ಯೋಚನೆ ಬಂದರೆ ಕೆನ್ನೆ ಬಡಿದುಕೊಂಡು ತಪ್ಪಾಯ್ತು ಸ್ವಾಮಿ ಅನ್ನುತ್ತಿದ್ದೆ. ದೇವರ ತಪ್ಪೇನೂ ಇರಲಿಲ್ಲ ಅನ್ನುವುದು ಆಮೇಲೆ ಹೊಳೆಯಿತು. ನಾಲ್ಕು ಕಾಲಿದ್ದರೆ ನಮ್ಮ ಮನೆಯಲ್ಲಿ ನಾಲ್ಕೂ ಗಂಡಸರ ತಟ್ಟೆಗೇ ಹೋಗುತ್ತಿದ್ದವು.

ನಮ್ಮದು ಜಾವಳಿ ಕಡೆಯ ಸಣ್ಣ ತೋಟದ ಮನೆ. ಒಂದಿಷ್ಟು ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು, ಕೆಳಗೆ ಒಂದು ತುಂಡು ಗದ್ದೆ. ಮನೆಯಲ್ಲಿ ಐದು ಜನ: ಅತ್ತೆ, ನಮ್ಮನೆಯವರು, ಇನ್ನೂ ಮದುವೆಯಾಗದ ಮೈದುನ, ನಾನು, ನನ್ನ ಮಗಳು. ಕೋಳಿ ಕುಯ್ದ ದಿನ ಯಾರಿಗೆ ಯಾವ ತುಂಡು ಅನ್ನುವುದಕ್ಕೆ ಒಂದು ಕಟ್ಟಳೆ ಇತ್ತು. ಈಗಿನವರು ಲಿವರ್ ಅನ್ನುತ್ತಾರಲ್ಲ, ಆ ಈಲಿ ಯಜಮಾನರಿಗೆ. ಒಂದು ಕಾಲೂ ಅವರಿಗೇ. ಇನ್ನೊಂದು ಕಾಲು ಮೈದುನನಿಗೆ; ನೆಂಟರು ಬಂದರೆ ಮೈದುನ ಮುಖ ಸಣ್ಣ ಮಾಡಿಕೊಂಡು ಅದನ್ನು ನೆಂಟರಿಗೆ ಬಿಡಬೇಕು. ಎದೆಯ ಮಾಂಸ ಗಂಡಸರ ಪಂಕ್ತಿಗೆ. ಹೆಂಗಸರಿಗೆ ಕತ್ತು, ಬೆನ್ನು, ರೆಕ್ಕೆಯ ತುದಿ. ಕೋಳಿ ಕಡಿಯುವವರು ಈಲಿಯನ್ನು ಒಡೆಯದೆ ಬಿಡಿಸಿ, ಒಂದು ಬಾಳೆ ಎಲೆಯ ಚೂರಿನ ಮೇಲೆ ಬೇರೆಯಾಗಿ ಇಟ್ಟು ಒಳಗೆ ಕಳಿಸುತ್ತಿದ್ದರು. ಸಾರಿನಲ್ಲಿ ಅದು ಕಳೆದುಹೋಗದಂತೆ ಕಾಯುವುದು ಅಡಿಗೆ ಮಾಡುವವಳ ಜವಾಬ್ದಾರಿ.

ಮಾವ ತೀರಿಕೊಂಡು, ಸೂತಕ ಕಳೆದು, ಮೊದಲ ಸಲ ಕೋಳಿ ಕುಯ್ದ ದಿನ ಅತ್ತೆ ಸೌಟಿನಲ್ಲಿ ಈಲಿ ಎತ್ತಿ ನಮ್ಮನೆಯವರ ತಟ್ಟೆಗೆ ಹಾಕಿದರು. ಮನೆಯ ಯಜಮಾನಿಕೆ ಬದಲಾದದ್ದು ಆವತ್ತು. ಪಹಣಿಯಲ್ಲಿ ಹೆಸರು ಬದಲಾಗುವುದಕ್ಕೆ ಆಮೇಲೂ ಬಹಳ ಕಾಲ ಹಿಡಿಯಿತು.

ಮದುವೆಯಾಗಿ ಬಂದ ಹೊಸತರಲ್ಲಿ ನನಗಿದು ಕಟ್ಟಳೆ ಅಂತಲೂ ಅನ್ನಿಸಿರಲಿಲ್ಲ. ತವರಿನಲ್ಲೂ ಹೀಗೇ ಇತ್ತು. ಕತ್ತು ಚೀಪುವುದರಲ್ಲೂ ಒಂದು ರುಚಿ ಇದೆ, ಇಲ್ಲ ಅನ್ನುವುದಿಲ್ಲ. ಹೊಟ್ಟೆ ತುಂಬ ಕಡುಬು, ಕಡುಬಿಗೆ ಸಾರು ದೇವರು ಕೊಟ್ಟಿದ್ದ. ಅಷ್ಟಾದರೂ ಇತ್ತಲ್ಲ ಅಂದುಕೊಂಡು ಕಾಲ ತಳ್ಳಿದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಗಳು ಆ ವರ್ಷವೇ ಬಣಕಲ್ಲಿನ ಹೈಸ್ಕೂಲಿಗೆ ಸೇರಿದ್ದಳು. ಬೆಳಿಗ್ಗೆ ತೋಟದ ಹಾದಿ ಹತ್ತಿ ರಸ್ತೆಗೆ ಬಂದು ಬಸ್ಸು ಹಿಡಿಯಬೇಕು. ಒಂದು ದಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತವಳು ನಿಂತಂತೆಯೇ ಮುಂದಕ್ಕೆ ಬಿದ್ದಳು. ಕೈ ಊರುವುದಕ್ಕೂ ಆಗಿಲ್ಲ. ಗದ್ದ ಕಲ್ಲಿಗೆ ಬಡಿದು ಸೀಳಿತು. ಮೇಷ್ಟರೊಬ್ಬರು ಜೀಪಿನಲ್ಲಿ ಮನೆಗೆ ಕರೆತಂದಾಗ ಅವಳ ಬಿಳಿ ಯೂನಿಫಾರ್ಮಿನ ಎದೆಯೆಲ್ಲ ರಕ್ತ. ಇಷ್ಟು ರಕ್ತ ಇವಳ ಮೈಯಲ್ಲಿ ಇತ್ತೇ ಅಂತ ನಾನು ನೋಡಿದೆ. ಮೂಡಿಗೆರೆಯ ಡಾಕ್ಟರಮ್ಮ ಗದ್ದಕ್ಕೆ ಹೊಲಿಗೆ ಹಾಕಿ, ಅವಳ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದರು. ಒಳಗೆ ಕೆಂಪೇ ಇರಲಿಲ್ಲ, ತೊಳೆದಿಟ್ಟ ಹತ್ತಿಯ ಹಾಗಿತ್ತು.

"ಏನಮ್ಮ, ಮಗೂಗೆ ಊಟ ಹಾಕ್ತೀರೋ ಇಲ್ವೋ?"

ನನ್ನ ಮೈ ಉರಿದು ಹೋಯಿತು. "ಹಾಕ್ದೇ ಇರ್ತೀವಾ ಮೇಡಂ?"

"ಮಾಂಸ ತಿಂತೀರಾ?"

"ತಿಂತೀವಿ. ಹದಿನೈದು ದಿನಕ್ಕೊಂದ್ಸಲ ಕೋಳಿ ಮಾಡ್ತೀವಿ. ಮನೆ ಕೋಳಿ."

"ಮತ್ತೇನು! ಲಿವರ್ ಕೊಡಿ ಇವಳಿಗೆ. ಸೊಪ್ಪು ಕೊಡಿ. ಮಾತ್ರೆ ಬರೀತೀನಿ." ಆಮೇಲೆ ಮಗಳ ಕೆನ್ನೆ ತಟ್ಟಿ ಕೇಳಿದರು: "ಕೋಳೀಲಿ ನಿಂಗೆ ಯಾವ್ದು ಇಷ್ಟ ಪುಟ್ಟಾ?"

ಹೊಲಿಗೆ ಹಾಕಿದ ಗದ್ದ ಅಲ್ಲಾಡದ ಹಾಗೆ ಅವಳು ಹೇಳಿದಳು: "ಕತ್ತು."

"ಕತ್ತಾ!" ಡಾಕ್ಟರಮ್ಮ ನಕ್ಕರು. ಬಾಗಿಲಲ್ಲಿ ನಿಂತಿದ್ದ ನಮ್ಮನೆಯವರೂ ನಕ್ಕರು. ನನಗೆ ನಗು ಬರಲಿಲ್ಲ. ಹುಡುಗಿ ಸುಳ್ಳು ಹೇಳಿರಲಿಲ್ಲ. ಬೇರೆ ತುಂಡು ತಿಂದು ನೋಡಿದ್ದರೆ ತಾನೇ?

ಮಾತ್ರೆ ಅವಳ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನುಂಗಿದ ಅರ್ಧ ಗಂಟೆಗೆ ಹಿತ್ತಲಿಗೆ ಓಡುತ್ತಿದ್ದಳು. ಉಳಿದದ್ದು ಊಟವೊಂದೇ. ಹರಿವೆ ಸೊಪ್ಪು, ನುಗ್ಗೆ ಸೊಪ್ಪು ದಿನಾ ಮಾಡಿದೆ. ಕಾವಿಗಿಡುವ ಮೊಟ್ಟೆಗಳಲ್ಲಿ ಒಂದೊಂದು ಕದ್ದು ಬೇಯಿಸಿಕೊಟ್ಟೆ. ನನ್ನದೇ ಕೋಳಿ, ನನ್ನದೇ ಮೊಟ್ಟೆ, ಆದರೂ ಕದಿಯಬೇಕು!

ಮುಂದಿನ ಭಾನುವಾರ ಕೋಳಿ ಕುಯ್ದರು. ಈಲಿಯನ್ನು ಒಂದು ಬಟ್ಟಲಿನಲ್ಲಿ ಹಾಕಿ ಮಗಳಿಗೆ ಅಂತ ಗೋಡೆಯ ಗೂಡಿನಲ್ಲಿ ಇಟ್ಟೆ. ಗಂಡಸರು ಊಟಕ್ಕೆ ಕೂತರು. ಬಡಿಸುವ ಸೌಟು ಯಾವತ್ತೂ ಅತ್ತೆಯ ಕೈಯಲ್ಲಿ. ಪಾತ್ರೆಯನ್ನು ಒಂದು ಸುತ್ತು ಕೆದಕಿ ಅವರು ತಲೆ ಎತ್ತಿದರು.

"ಈಲಿ ಎಲ್ಲೇ?"

"ಪುಟ್ಟಿಗೆ ಇಟ್ಟಿದೀನಿ ಅತ್ತೆ. ಡಾಕ್ಟರಮ್ಮ ಹೇಳಿದಾರೆ."

"ಡಾಕ್ಟ್ರಿಗೆಂಥ ಗೊತ್ತು ನಮ್ಮನೆ ಕಟ್ಟಳೆ? ಯಜಮಾನ ಕೂತಿರುವಾಗ ಹೆಣ್ ಹುಡ್ಗಿ ಈಲಿ ತಿನ್ನೋದೇ? ಈಗ್ಲೇ ನಾಲ್ಗೆಗೆ ರುಚಿ ಹತ್ಸಿದ್ರೆ ನಾಳೆ ಹೋದ್ಮನೇಲಿ ಯಾರೇ ಕೊಡ್ತಾರೆ ಇವ್ಳಿಗೆ?"

ಅವರೇ ಎದ್ದು ಗೂಡಿನಿಂದ ಬಟ್ಟಲು ತೆಗೆದು ಮಗನ ತಟ್ಟೆಗೆ ಸುರಿದರು. ನಮ್ಮನೆಯವರು ಈಲಿಯನ್ನು ನೋಡಿದರು. ನನ್ನನ್ನು ನೋಡಿದರು. ಅಡಿಗೆಮನೆಯ ಹೊಸ್ತಿಲಲ್ಲಿ ಗದ್ದಕ್ಕೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ ಮಗಳನ್ನೂ ನೋಡಿದರು. ಆಮೇಲೆ ಒಂದು ತುಂಡು ಕಡುಬು ಮುರಿದು, ಅದರ ಜೊತೆ ಸೇರಿಸಿ, ತಿಂದರು.

ತಿಂದರು! ಆ ತುತ್ತು ಅವರ ಗಂಟಲಿನಲ್ಲಿ ಇಳಿದದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಕೈ ತೊಳೆಯಲು ಹಿತ್ತಲಿಗೆ ಬಂದಾಗ ಹಿಡಿದು ನಿಲ್ಲಿಸಿದೆ. "ಯಾಕ್ರೀ ತಿಂದ್ರಿ?"

"ಅವ್ವ ಹಾಕಿದ್ರಲ್ಲ."

"ಹಾಕಿದ್ರೆ?"

"ಸಣ್ಣ ವಿಷ್ಯ ಮಾರಾಯ್ತಿ. ಇಷ್ಟಕ್ಕೆಲ್ಲ ಮನೇಲಿ ಜಗಳ ಬೇಕಾ?"

"ಸಣ್ಣ ವಿಷ್ಯ ಆದ್ರೆ ಬಿಟ್ಕೊಡಬಹುದಿತ್ತಲ್ಲ."

ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಕಣದಲ್ಲಿ ಒಣಗಲು ಹಾಕಿದ್ದ ಕಾಫಿ ಕೆದಕಬೇಕು ಅಂತ ಹೋದರು. ನಮ್ಮ ಕಡೆಯ ಗಂಡಸರಿಗೆ ಹೆಂಡತಿ ಪ್ರಶ್ನೆ ಕೇಳಿದಾಗೆಲ್ಲ ಕಣದಲ್ಲಿ ಕಾಫಿ ಕೆದಕುವುದಿರುತ್ತದೆ.

ಈಗ ಯಾರಿಗಾದರೂ ಈ ಕಥೆ ಹೇಳಿದರೆ ನಗುತ್ತಾರೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಬಣಕಲ್ಲಿನ ರಸ್ತೆ ಬದಿಯಲ್ಲೂ ಬ್ರಾಯ್ಲರ್ ಅಂಗಡಿ ಬಂತು. ಕಾಲು ಬೇಕಾದರೆ ಬರೀ ಕಾಲು, ಈಲಿ ಬೇಕಾದರೆ ಬರೀ ಈಲಿ, ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕೊಡುತ್ತಾರೆ. ಒಂದು ಈಲಿಗೆ ಇಷ್ಟು ರಂಪವಾ ಅಂತ ಕೇಳುತ್ತಾರೆ. ಒಂದು ಮನೆಯಲ್ಲಿ ಒಂದೇ ಈಲಿ ಇದ್ದ ಕಾಲದಲ್ಲಿ ಅವರು ಮಗಳನ್ನು ಹೆತ್ತಿದ್ದರೆ ಕೇಳುತ್ತಿರಲಿಲ್ಲ.

ಅದೇ ತಿಂಗಳು ಹೊರನಾಡಿಗೆ ಹೋದೆವು. ಮಗಳು ಬಿದ್ದ ದಿನ ಅತ್ತೆಯೇ ಹರಕೆ ಹೇಳಿಕೊಂಡಿದ್ದರು. ಮೊಮ್ಮಗಳ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ತಾಯಿಗೆ ಸೀರೆ ಒಪ್ಪಿಸುವಷ್ಟು ಪ್ರೀತಿ ಇತ್ತು, ಈಲಿ ಬಡಿಸುವಷ್ಟು ಇರಲಿಲ್ಲ. ಕಳಸದಲ್ಲಿ ಬಸ್ಸು ಬದಲಿಸಿ, ತಿರುವುಗಳಲ್ಲಿ ಹೊಟ್ಟೆ ತೊಳೆಸಿಕೊಂಡು ಹೋಗಿ ಅನ್ನಪೂರ್ಣೆಯ ಮುಂದೆ ನಿಂತಾಗ ನನಗೆ ಬೇಡಿಕೊಳ್ಳಲು ಬಾಯೇ ಬರಲಿಲ್ಲ. ಊರಿಗೆಲ್ಲ ಅನ್ನ ಹಾಕುವವಳು ನೀನು, ನನ್ನ ಮನೆಯ ಪಾತ್ರೆಯಲ್ಲಿ ಏನು ನಡೆಯುತ್ತದೆ ಅಂತ ನೋಡಿದ್ದೀಯಾ ಅಂತ ಕೇಳಬೇಕೆನ್ನಿಸಿತು. ಕೇಳಿದೆ ಕೂಡ, ಮನಸ್ಸಿನಲ್ಲೇ. ಅಷ್ಟರಲ್ಲಿ ಮಂಗಳಾರತಿ ಬಂತು, ಕಣ್ಣಿಗೊತ್ತಿಕೊಂಡೆ.

ಊಟಕ್ಕೆ ಕೂತೆವು. ಉದ್ದದ ಸಾಲು. ಮೊದಲು ನಮ್ಮನೆಯವರು, ಆಮೇಲೆ ಮಗಳು, ಪಕ್ಕದಲ್ಲಿ ಅತ್ತೆ, ಕೊನೆಗೆ ನಾನು. ಬಡಿಸುವವರು ಒಂದೇ ಬಕೀಟು, ಒಂದೇ ಸೌಟು ಹಿಡಿದುಕೊಂಡು ಓಡುವ ಹಾಗೆ ಬಂದರು. ಗಂಡಸು, ಹೆಂಗಸು, ಮಗು ಅಂತ ಅವರ ಸೌಟಿಗೆ ಯಾವ ಭೇದವೂ ಇಲ್ಲ. ಎಲ್ಲರಿಗೂ ಅಷ್ಟೇ ಅನ್ನ, ಅದೇ ಸಾರು, ಅದೇ ಪಾಯಸ. ಮಗಳು ಬಗ್ಗಿ ಗಬಗಬ ತಿನ್ನುವುದನ್ನು ನೋಡಿ ಅತ್ತೆಗೂ ಕಣ್ಣು ತುಂಬಿತು. "ತಿನ್ನು ಪುಟ್ಟಿ. ತಾಯಿ ಪ್ರಸಾದ ಎಲ್ರಿಗೂ ಒಂದೇ ಕಣೆ" ಅಂದರು.

ನಾನು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡ ಹಾಗೆ ಇಟ್ಟುಕೊಂಡೆ.

ವಾಪಸು ಬರುವ ಬಸ್ಸಿನಲ್ಲಿ ಮಗಳು ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದಳು. ಆಗ ನೆನಪಾಯಿತು ಆ ಅಡಿಗೆ. ಒಂದೆರಡು ವರ್ಷದ ಹಿಂದೆ ಮೂಡಿಗೆರೆಯ ಮಹಿಳಾ ಮಂಡಳಿಯಲ್ಲಿ ದೊಡ್ಡ ಎಸ್ಟೇಟಿನ ಒಬ್ಬ ಹೆಂಗಸು ಬಂಗಲೆ ಅಡಿಗೆ ತೋರಿಸಿದ್ದರು. ಹೆಸರು ಚಿಕನ್ ಕ್ಯಾಸರೋಲ್. ನಮಗೆಲ್ಲ ಕ್ಯಾಸರೋಲ್ ಅಂದರೆ ಮದುವೆಗಳಲ್ಲಿ ಉಡುಗೊರೆ ಬಂದು ಅಟ್ಟದ ಮೇಲೆ ಕೂರುವ ಬಿಸಿ ಡಬ್ಬಿ. ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕಿದ್ದರು. ಆ ಹೆಂಗಸು ಬೇಸರ ಮಾಡಿಕೊಳ್ಳದೆ ವಿವರಿಸಿದ್ದರು: ಕೋಳಿ ಬೇಯಿಸಿ, ಮೂಳೆಯೆಲ್ಲ ಬಿಡಿಸಿ, ತರಕಾರಿ ಜೊತೆ ಒಂದೇ ಪಾತ್ರೆಯಲ್ಲಿ ಹಾಕಿ, ಬಾಯಿ ಮುಚ್ಚಿ ಸಣ್ಣ ಉರಿಯಲ್ಲಿ ಬಿಡಬೇಕು. ಕೊನೆಗೆ ಹೇಳಿದ್ದರು, "ಯಾವ್ದು ಯಾವ ಪೀಸು ಅಂತ ಗೊತ್ತೇ ಆಗ್ಬಾರ್ದು, ಹಂಗೆ ಬೆರೀಬೇಕು." ಆ ದಿನ ನಾನು ಅದನ್ನು ಕೇಳಿ ಮರೆತಿದ್ದೆ. ಬಸ್ಸಿನಲ್ಲಿ ಅದು ಮಂತ್ರ ಬಂದ ಹಾಗೆ ಬಂತು. ಕಾಲು ಯಾವುದು, ಕತ್ತು ಯಾವುದು ಅಂತಲೇ ಗೊತ್ತಾಗದಿದ್ದರೆ ಅತ್ತೆಯ ಸೌಟು ಏನು ಹುಡುಕೀತು?

ಮುಂದಿನ ಸಲ ಕೋಳಿ ಕುಯ್ಯುವ ದಿನ, ಮೊಟ್ಟೆ ಇಡುವುದು ಬಿಟ್ಟು ಹಳತಾಗಿದ್ದ ಕೆಂಚು ಹೇಂಟೆಯನ್ನು ನಾನೇ ಹಿಡಿದು ಕೊಟ್ಟೆ. ನಮ್ಮನೆಯವರು ಪುಕ್ಕ ಕಿತ್ತು, ಸುಟ್ಟು, ಅರಿಶಿನ ಹಚ್ಚಿ ಕತ್ತಿ ಎತ್ತಿದಾಗ ತಡೆದೆ.

"ತುಂಡು ಮಾಡ್ಬೇಡಿ. ಹೊಟ್ಟೆ ಬಗ್ದು ಹಂಗೇ ಇಡೀದಾಗಿ ಕೊಡಿ."

"ಇಡೀ ಕೋಳಿನಾ? ಎಂಥ ಮಾಡ್ತೀಯ?"

"ಅಡಿಗೆ."

ಜಗಲಿಯಲ್ಲಿ ಕೂತಿದ್ದ ಮೈದುನ ಪೇಪರಿನಿಂದ ತಲೆ ಎತ್ತಿದ. "ಅತ್ತಿಗೆ ಇವತ್ತು ಬಂಗಲೆ ಅಡಿಗೆ ಮಾಡ್ತಾರೆ ಕಣೋ ಅಣ್ಣ. ಫೋರ್ಕು ಚಮಚ ತರ್ಬೇಕಾ ಅತ್ತಿಗೆ?"

"ಬಾಯಿ ತಂದ್ರೆ ಸಾಕು" ಅಂದೆ.

ಮಾಂಸದ ಪಾತ್ರೆ ದೇವರ ಕೋಣೆಯ ಪಕ್ಕದ ಒಲೆಗೆ ಬರುವ ಹಾಗಿರಲಿಲ್ಲ. ಅದು ನನಗೂ ಒಪ್ಪಿಗೆಯಾದ ಕಟ್ಟಳೆ. ಎಲ್ಲ ಕಟ್ಟಳೆಯನ್ನೂ ನಾನು ಮುರಿಯುವವಳಲ್ಲ. ಹೊರಗಿನ ಒಲೆಯಲ್ಲಿ ದೊಡ್ಡ ಪಾತ್ರೆಗೆ ನೀರು, ಶುಂಠಿ, ಜಜ್ಜಿದ ಕಾಳುಮೆಣಸು, ಉಪ್ಪು ಹಾಕಿ ಇಡೀ ಕೋಳಿ ಮುಳುಗಿಸಿದೆ. ಹಳೆ ಹೇಂಟೆ, ಬೇಯುವುದಕ್ಕೆ ಹಟ ಮಾಡಿತು. ನನಗೂ ಹಟ ಇತ್ತು. ಕಾಫಿ ಗಿಡದ ಒಣ ಕಟ್ಟಿಗೆ ಒಟ್ಟುತ್ತಾ ಕೂತೆ. ಮಧ್ಯಾಹ್ನದ ಹೊತ್ತಿಗೆ ಮಾಂಸ ಮೂಳೆ ಬಿಟ್ಟಿತು.

ಆರಿದ ಮೇಲೆ ಮೊದಲು ಕಾಲಿಗೇ ಕೈ ಹಾಕಿದೆ. ಎರಡನ್ನೂ ಕಿತ್ತು, ಮೂಳೆಯಿಂದ ಮಾಂಸ ಎಳೆದೆಳೆದು ನೂಲು ನೂಲಾಗಿ ಬಿಡಿಸಿದೆ. ಆಮೇಲೆ ಎದೆ, ಬೆನ್ನು, ರೆಕ್ಕೆ. ಎಷ್ಟು ವರ್ಷದ ಸಿಟ್ಟಿತ್ತೋ, ಬೆರಳು ಸುಡುವುದೂ ಗೊತ್ತಾಗಲಿಲ್ಲ. ಕತ್ತನ್ನು ಮಾತ್ರ ಬಿಡಿಸಲಿಲ್ಲ, ಮೂಳೆಗಳ ಜೊತೆ ನಾಯಿಗೆ ಎಸೆದೆ. ಈಲಿಯನ್ನು ಉಪ್ಪು, ಮೆಣಸಿನ ಪುಡಿ, ಹುರಿದ ಸಣ್ಣ ಈರುಳ್ಳಿಯ ಜೊತೆ ಕಲ್ಲಿನಲ್ಲಿ ಅರೆದು ಕೋಳಿ ಬೆಂದ ನೀರಿಗೆ ಕದಡಿದೆ. ಇನ್ನು ಅದನ್ನು ಬೇರೆ ಮಾಡಲು ಬ್ರಹ್ಮನಿಂದಲೂ ಸಾಧ್ಯವಿರಲಿಲ್ಲ.

ಸಂತೆಯಿಂದ ತಂದ ಕ್ಯಾರೆಟ್ಟು, ಬೀನ್ಸು, ಬೇಲಿಯ ಮೇಲೆ ಹಬ್ಬಿದ್ದ ಸೀಮೆಬದನೆ, ಒಂದು ಹಿಡಿ ಹರಿವೆ ಸೊಪ್ಪು ಹೆಚ್ಚಿದೆ. ಆ ಹೆಂಗಸು ಕ್ರೀಮ್ ಹಾಕಿದ್ದರು. ನಾನು ಗಟ್ಟಿ ತೆಂಗಿನಹಾಲು ಹಾಕಿ, ಅಕ್ಕಿ ಹಿಟ್ಟು ಕಲಸಿ ಬಿಟ್ಟೆ. ಅವರ ಹತ್ತಿರ ಓವನ್ ಇತ್ತು. ನಮ್ಮ ಹತ್ತಿರ ಬಚ್ಚಲ ಒಲೆ ಇತ್ತು. ಅಗಲ ಬಾಯಿಯ ಮಣ್ಣಿನ ಮಡಕೆಯಲ್ಲಿ ಎಲ್ಲ ಸುರಿದು, ಮೇಲೆ ಆಲೂಗಡ್ಡೆ ಬಿಲ್ಲೆಗಳನ್ನು ಹಂಚು ಹೊದಿಸಿದ ಹಾಗೆ ಜೋಡಿಸಿ, ತುಪ್ಪ ಸವರಿದೆ. ಸ್ನಾನದ ನೀರು ಕಾದು ಉಳಿದ ಕೆಂಡದ ನಡುವೆ ಮಡಕೆ ಕೂರಿಸಿ, ಮುಚ್ಚಳದ ಮೇಲೂ ಕೆಂಡ ಹರಡಿದೆ. ಮಡಕೆ ಒಡೆಯದ ಹಾಗೆ ಕಾಯಪ್ಪ ಅಂತ ಬಚ್ಚಲಲ್ಲೇ ನಿಂತು ಬೇಡಿಕೊಂಡೆ. ಒಡೆಯಲಿಲ್ಲ. ಮುಚ್ಚಳ ತೆಗೆದಾಗ ಆಲೂಗಡ್ಡೆಯ ಅಂಚು ಹೊಂಬಣ್ಣಕ್ಕೆ ತಿರುಗಿತ್ತು, ತುಪ್ಪ ಮೆಣಸಿನ ಘಮ ಕಣದವರೆಗೂ ಹೋಗಿತ್ತು. ಮಗಳು ಬಂದು ಬಗ್ಗಿ ನೋಡಿ, "ಅಮ್ಮ, ಹಬ್ಬವಾ?" ಅಂದಳು.

ದೀಪ ಹಚ್ಚಿ ಆದ ಮೇಲೆ ಗಂಡಸರು ಮಣೆ ಹಾಕಿಕೊಂಡು ಕೂತರು. ಜನವರಿಯ ಚಳಿ, ಎಲ್ಲರಿಗೂ ಹಸಿವು. ಅತ್ತೆ ಸೌಟು ಹಿಡಿದು ಮಡಕೆಯ ಮುಂದೆ ಕೂತರು. ಆಲೂಗಡ್ಡೆಯ ಹೊದಿಕೆ ಸರಿಸಿ ಒಂದು ಸಲ ಕೆದಕಿದರು. ಇನ್ನೊಂದು ಸಲ ಕೆದಕಿದರು. ಮಡಕೆಯ ತಳದಲ್ಲಿ ಸೌಟು ಕರಕರ ಅಂದಿತು.

"ಕಾಲೆಲ್ಲೇ?"

"ಅದ್ರಲ್ಲೇ ಇದೆ ಅತ್ತೆ."

"ಎಲ್ಲಿ ಅದ್ರಲ್ಲಿ?"

"ಎಲ್ಲಾ ಕಡೆ."

"ಈಲಿ?"

"ಅದೂ ಎಲ್ಲಾ ಕಡೆ."

ಮೈದುನ ಮಡಕೆಯ ಕಡೆ ಕತ್ತು ಚಾಚಿದ. "ಕಾಲಿಲ್ದ ಕೋಳಿ! ಅಲ್ಲ ಅತ್ತಿಗೆ, ಬೆಳಿಗ್ಗೆ ನಾನೇ ನೋಡ್ದೆ, ಹಿತ್ಲಲ್ಲಿ ಓಡಾಡ್ತಿತ್ತು. ಹೊಟ್ಟೆ ಮೇಲೆ ತೆವಳ್ತಿತ್ತಾ?"

ನಮ್ಮನೆಯವರು ತಟ್ಟೆಯ ಮೇಲೆ ಬಗ್ಗಿ ನಗು ಅಡಗಿಸಿಕೊಂಡರು. ಅತ್ತೆಗೆ ಮಾತ್ರ ನಗು ಬರಲಿಲ್ಲ. ಅವರು ದಡ್ಡರಲ್ಲ. ಏನಾಗಿದೆ ಅಂತ ಅವರಿಗೆ ಒಂದೇ ಕ್ಷಣಕ್ಕೆ ತಿಳಿಯಿತು.

"ನನ್ ಕೈಲಾಗಲ್ಲ ಈ ಗೊಜ್ಜು ಬಡ್ಸಾಕೆ. ನೀವೇ ಹಾಕ್ಕಳಿ." ಸೌಟನ್ನು ಮಡಕೆಗೆ ಎಸೆದು ಗೋಡೆಗೆ ಒರಗಿದರು.

ಗೆದ್ದೆ ಅಂದುಕೊಂಡೆ. ನಾನು ಒಳಗಿನಿಂದ ಅಕ್ಕಿರೊಟ್ಟಿ ತರುವಷ್ಟರಲ್ಲಿ ಮಗಳು ಸೌಟು ಹಿಡಿದು ಬಡಿಸುತ್ತಿದ್ದಳು. ರೊಟ್ಟಿಯ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತು ನೋಡಿದೆ. ಅಪ್ಪನಿಗೆ ಹಾಕುವಾಗ ಸೌಟನ್ನು ಆಳಕ್ಕೆ, ಮಾಂಸ ಕೂತಿದ್ದ ತಳಕ್ಕೆ ಇಳಿಸಿ ತುಂಬಿ ಎತ್ತಿದಳು. ಚಿಕ್ಕಪ್ಪನಿಗೂ ಹಾಗೇ. ಅಜ್ಜಿಗೆ ನಡುವಿನಿಂದ. ಆಮೇಲೆ ಮೂಲೆಯಲ್ಲಿಟ್ಟಿದ್ದ ತನ್ನ ತಟ್ಟೆ ಎಳೆದುಕೊಂಡು, ಸೌಟನ್ನು ಓರೆಯಾಗಿ ಹಿಡಿದು, ಮೇಲೆ ಮೇಲೆ ತೇಲುವ ತೆಳು ನೀರನ್ನು ಮಾತ್ರ ಬಗ್ಗಿಸಿಕೊಂಡಳು. ಎರಡು ಆಲೂಗಡ್ಡೆ ಚೂರು, ಒಂದು ಬೀನ್ಸು.

ಯಾರೂ ಅವಳಿಗೆ ಹಾಗೆ ಮಾಡು ಅಂದಿರಲಿಲ್ಲ. ಇಡೀ ದಿನ ಕೂತು ನಾನು ಕಾಲು, ಕತ್ತು, ಈಲಿ ಎಲ್ಲ ಅಳಿಸಿಹಾಕಿದ್ದೆ. ಏನೂ ಉಳಿದಿರದ ಪಾತ್ರೆಯಲ್ಲೂ ಆ ಮಗುವಿನ ಕೈ ಗಂಡಸರ ಪಾಲು ಯಾವುದು, ತನ್ನ ಪಾಲು ಯಾವುದು ಅಂತ ಹುಡುಕಿ ತೆಗೆದಿತ್ತು.

ರೊಟ್ಟಿಯ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದೆ. ಅವಳ ಕೈಯಿಂದ ಸೌಟು ಕಿತ್ತುಕೊಂಡೆ. "ಕೂತ್ಕೋ."

"ನಾನು ಆಮೇಲೆ ನಿನ್ ಜೊತೆ..."

"ಈಗ್ಲೇ. ಚಿಕ್ಕಪ್ಪನ ಪಕ್ಕ ಕೂತ್ಕೋ."

ಅತ್ತೆ ಗೋಡೆ ಬಿಟ್ಟು ಎದ್ದು ಕೂತರು. "ಗಂಡಸ್ರ ಪಂಕ್ತೀಲಾ? ನಿಂಗೆಂಥ ಆಗಿದೆ ಇವತ್ತು?"

"ಹೊರನಾಡಲ್ಲಿ ಅಪ್ಪನ ಪಕ್ಕಾನೇ ಕೂತಿದ್ಲು ಅತ್ತೆ. ಈ ಕಡೆ ನೀವಿದ್ರಿ. ತಾಯಿ ಪ್ರಸಾದ ಎಲ್ರಿಗೂ ಒಂದೇ ಅಂದ್ರಿ."

"ಅದು ದೇವಸ್ಥಾನ."

"ಇದೆಂಥ, ದೇವ್ರಿಲ್ದ ಮನೆಯಾ?"

"ಮೆಲ್ಲಗೆ ಮಾತಾಡೇ" ಅಂದರು ನಮ್ಮನೆಯವರು.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. "ಯಾಕೆ ಮೆಲ್ಲಗೆ? ಸ್ಕೂಲಲ್ಲಿ ಇವ್ಳು ಮೆಲ್ಲಗೆ ಬಿದ್ಲಾ? ಗದ್ದ ನೋಡಿ ಒಂದ್ಸಲ. ನೋಡಿ ಅಂದೆ! ಕಣ್ಣು ಬಿಡ್ಸಿ ನೋಡಿ, ಒಳಗೆ ರಕ್ತ ಇದ್ಯಾ ಅಂತ. ಡಾಕ್ಟರಮ್ಮ ಊಟ ಹಾಕ್ತೀರಾ ಅಂತ ಕೇಳಿದ್ದು ನನ್ನ. ನಿಮ್ಮನ್ನ ಕೇಳ್ಲಿಲ್ಲ. ನೀವು ಬಾಗ್ಲಲ್ಲಿ ನಿಂತು ನಗ್ತಿದ್ರಿ."

ಮೈದುನ ರೊಟ್ಟಿಯ ಅಂಚು ಮುರಿಯುತ್ತಾ ಕೂತ. ನಮ್ಮನೆಯವರು ತಲೆ ಎತ್ತದೆ ತಮ್ಮ ಮಣೆಯನ್ನು ಒಂದು ಗೇಣು ಆಚೆ ಸರಿಸಿದರು. ಇಬ್ಬರ ನಡುವೆ ಒಂದು ಹುಡುಗಿ ಕೂರುವಷ್ಟು ಜಾಗವಾಯಿತು. ದೇವರು ಆ ಸಂಜೆ ಕೊಟ್ಟದ್ದು ಒಂದು ಗೇಣು. ನಾನು ಅದನ್ನೂ ಲೆಕ್ಕಕ್ಕೆ ಹಿಡಿದೆ.

ಮಗಳು ಕೂತಳು. ಮೊಣಕಾಲು ಯಾರಿಗೂ ತಾಗದ ಹಾಗೆ ಮುದುಡಿಕೊಂಡು ಕೂತಳು. ನಾನು ತಳದಿಂದ ಎರಡು ಸೌಟು ತುಂಬ ಹಾಕಿದೆ. ಅವಳು ಬೆರಳಿನಿಂದ ಮೆಲ್ಲಗೆ ಕೆದಕಿ, ಏನನ್ನೋ ಹುಡುಕಿ, ಕೇಳಿದಳು: "ಅಮ್ಮ, ಇದ್ರಲ್ಲಿ ಕತ್ತು ಯಾವ್ದು?"

"ಕತ್ತಿಲ್ಲ. ನಾಯಿ ತಿಂತು. ನೀನು ತಿನ್ನು."

ಮೊದಲ ತುತ್ತಿಗೆ ಅಪ್ಪನ ಕಡೆ ನೋಡಿದಳು. ಎರಡನೆಯದಕ್ಕೆ ನೋಡಲಿಲ್ಲ. ಆಮೇಲೆ ರೊಟ್ಟಿ ಮುರಿದು ಅದ್ದಿ ಅದ್ದಿ ತಿಂದಳು, ತಟ್ಟೆ ಒರೆಸಿದಳು, ಇನ್ನೊಂದು ಸಲ ಹಾಕಿಸಿಕೊಂಡಳು. ಅತ್ತೆಯೂ ತಿಂದರು. ದವಡೆಯ ಹಲ್ಲು ಹೋಗಿ ಎಷ್ಟೋ ಕಾಲವಾಗಿತ್ತು. ಬೆನ್ನಿನ ಮೂಳೆ ಚೀಪಿ ಚೀಪಿ ಬದಿಗಿಡುತ್ತಿದ್ದವರು ಆವತ್ತು ಮೆತ್ತಗಿನ ಮಾಂಸವನ್ನು ಸದ್ದಿಲ್ಲದೆ ನುಂಗಿದರು. ತಟ್ಟೆ ಖಾಲಿಯಾದಾಗ ನನ್ನ ಕಡೆ ತಳ್ಳಿದರು. ಹಾಕಿದೆ. ಕೈ ತೊಳೆದು ಬಂದ ಮೇಲೆ ಹೇಳಿದರು: "ಖಾರ ಸಾಲ್ದು. ಮುಂದಿನ್ಸಲ ಕೋಳೀನ ಕೋಳಿ ತರ ಮಾಡು."

ಮುಂದಿನ ಸಲ ಕೋಳಿಯನ್ನು ಕೋಳಿಯ ಹಾಗೇ ಮಾಡಬೇಕಾಯಿತು. ನಾನು ಹೇಳುವ ಮೊದಲೇ ಅತ್ತೆ ಮುಂದೆ ನಿಂತು ಕಡಿಸಿದ್ದರು. ಬಾಳೆ ಎಲೆಯ ಮೇಲೆ ಈಲಿ ಬೇರೆಯಾಗಿ ಬಂತು. ಮತ್ತೆ ಜಗಳ, ಮತ್ತೆ ಕಣದ ಕಾಫಿ ಅಂದುಕೊಂಡು ಸಾರಿಗಿಟ್ಟೆ. ಒಂದು ಮಾತ್ರ ಬದಲಾಗಿತ್ತು. ಮಗಳನ್ನು ಪಂಕ್ತಿಯಿಂದ ಏಳು ಅಂತ ಯಾರೂ ಅಂದಿರಲಿಲ್ಲ. ಅವಳ ಮಣೆ ಅದೇ ಒಂದು ಗೇಣು ಜಾಗದಲ್ಲಿ ಉಳಿದಿತ್ತು.

ಅತ್ತೆ ಬಡಿಸಲು ಕೂತರು. ಒಂದು ಕಾಲು ನಮ್ಮನೆಯವರಿಗೆ. ಒಂದು ಕಾಲು ಮೈದುನನಿಗೆ. ಆಮೇಲೆ ಸೌಟಿನ ತುದಿಯಲ್ಲಿ ಈಲಿ ಎತ್ತಿ ನಮ್ಮನೆಯವರ ಕಡೆ ಚಾಚಿದರು. ನಾನು ಬಾಗಿಲಲ್ಲಿ ಬಾಯಿ ತೆರೆದೆ. ನನಗಿಂತ ಮೊದಲು ಒಂದು ತಟ್ಟೆ ಮುಂದಕ್ಕೆ ಬಂತು. ಗದ್ದದ ಗಾಯದ ಗುರುತು ಇನ್ನೂ ಕೆಂಪಗಿತ್ತು. ತಟ್ಟೆಯನ್ನು ಎರಡೂ ಕೈಯಲ್ಲಿ ಚಾಚಿದ್ದಳು.

"ಅಜ್ಜಿ, ಈಲಿ ನಂಗೆ ಹಾಕಿ."

ಸೌಟು ಗಾಳಿಯಲ್ಲೇ ನಿಂತಿತು. ಸಾರು ತೊಟ್ಟು ತೊಟ್ಟಾಗಿ ನೆಲಕ್ಕೆ ಬಿತ್ತು. ನಾನು ನಮ್ಮನೆಯವರನ್ನು ನೋಡಿದೆ. ಈ ಸಲವೂ ಅವರು ತಟ್ಟೆ ಮುಂದೆ ಮಾಡಿದ್ದರೆ ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ.

"ಹಾಕವ್ವ ಅವ್ಳಿಗೆ" ಅಂದರು.

ಅತ್ತೆ ಹಾಕಿದರು. ಇಟ್ಟರು ಅನ್ನುವುದಕ್ಕಿಂತ ಎಸೆದರು ಅನ್ನಬೇಕು; ಸಾರು ಹಾರಿ ಹುಡುಗಿಯ ಲಂಗಕ್ಕೆ ಬಿತ್ತು. ಬಿದ್ದರೆ ಬೀಳಲಿ, ಒಗೆಯುವವಳು ನಾನೇ.

ನಮ್ಮನೆಯವರು ತಲೆ ಎತ್ತಿ ನನ್ನ ಕಡೆ ನೋಡಿದರು, ನಾನು ನಗುತ್ತೇನೆ ಅಂತ. ನಾನು ನಗಲಿಲ್ಲ. ಎರಡು ಮಾತು. ಎರಡೇ ಮಾತು ಸಾಕಾಗಿತ್ತು. ಗದ್ದಕ್ಕೆ ಪಟ್ಟಿ ಕಟ್ಟಿಕೊಂಡು ಅವಳು ಹೊಸ್ತಿಲಲ್ಲಿ ನಿಂತಿದ್ದಾಗಲೇ ಆಡಿದ್ದರೆ ನಾಲಿಗೆ ಸವೆದುಹೋಗುತ್ತಿತ್ತೇ? ಆಡಿದ್ದರೆ ಒಂದು ಮಗು ತನ್ನ ಮನೆಯಲ್ಲೇ ಎರಡೂ ಕೈಯಲ್ಲಿ ತಟ್ಟೆ ಚಾಚಿ ಬೇಡಬೇಕಿರಲಿಲ್ಲ. ತಾಯಿ ಅನ್ನಪೂರ್ಣೆಗೆ ಆವತ್ತು ಕೈ ಮುಗಿದೆ, ಸುಳ್ಳು ಹೇಳುವುದಿಲ್ಲ. ಮುಗಿದ ಕೈಯ ಒಳಗೆ ಸಿಟ್ಟು ಹಾಗೇ ಇತ್ತು. ಇವತ್ತಿಗೂ ಇದೆ.

ಮಗಳು ಈಲಿಯನ್ನು ಇಡೀದಾಗಿ ಬಾಯಿಗೆ ಹಾಕಿಕೊಂಡಳು. ಅಗಿದಳು. ಮುಖ ಕಿವುಚಿದಳು.

"ಎಂಥದಮ್ಮ ಇದು, ಕಹಿ! ಕತ್ತೇ ಚೆನ್ನಾಗಿತ್ತು."

ಮೈದುನ ತಡೆದುಕೊಂಡಿದ್ದ ನಗೆ ಈಗ ಒಡೆದು, ಕೆಮ್ಮು ಹತ್ತಿ, ನೀರು ಕುಡಿಯಬೇಕಾಯಿತು. ಅತ್ತೆ ಕೂಡ ಸೆರಗು ಬಾಯಿಗೆ ಇಟ್ಟುಕೊಂಡರು.

"ತಿನ್ನು" ಅಂದೆ.

ತಿಂದಳು.